ಹೊಸಂಗಡಿ (ಕರಾವಳಿಯ ಮೂರು ಊರುಗಳು)

ಹೊಸಂಗಡಿ: ಕರಾವಳಿಯಲ್ಲಿ ಒಂದೇ ಹೆಸರಿನಿಂದ ಕರೆಯಲ್ಪಡುವ ಮೂರು ಊರುಗಳು. ಬೆಳ್ತಂಗಡಿ ಮತ್ತು ಕುಂದಾಪುರ ತಾಲೂಕುಗಳಲ್ಲಿ ಒಂದೊಂದಿದ್ದರೆ, ಮೂರನೆಯದು ಗಡಿಯಾಚೆ ಕೇರಳದ ಮಂಜೇಶ್ವರದ ಬಳಿ ಇದೆ.

ಬೆಳ್ತಂಗಡಿಯ ಹೊಸಂಗಡಿ ಮೂಡುಬಿದಿರೆ ದಾಟಿ ವೇಣೂರಿನ ಕಡೆಗೆ ಹೋದರೆ ಸಿಗುತ್ತದೆ. ವೇಣೂರಿನಲ್ಲಿ ಅಜಿಲ ಅರಸ ತಿಮ್ಮಣ್ಣ 1604ರಲ್ಲಿ ನಿಲ್ಲಿಸಿದ ಗೊಮ್ಮಟನಿದ್ದಾನೆ.

ಕುಂದಾಪುರದ ಹೊಸಂಗಡಿ ಘಟ್ಟದ ಬುಡದ ಕಾಡಿನ ಊರು. ಹಿಂದೆ ಹೊನ್ನೆಯಕಂಬಳಿ ಅರಸರ ನೆಲೆಯಾಗಿತ್ತು. ಇಂದು ಇದರ ಹೆಗ್ಗುರುತು ವಾರಾಹಿ ಜಲವಿದ್ಯುದಾಗಾರ. ಘಟ್ಟದ ಮೇಲೆ ಹೊಸನಗರ ತಾಲೂಕಿನ ಮಾಣಿ ಅಣೆಕಟ್ಟೆಯಲ್ಲಿ ನಿಂತ ನೀರು ಸುರಂಗ, ಕೊಳವೆಗಳಲ್ಲಿ ಧುಮುಕಿ ನೆಲದಡಿಯ ಯಂತ್ರಗಳನ್ನು ತಿರುಗಿಸುತ್ತದೆ. ತಲಾ 115 ಮೆಗಾವಾಟ್‌ನ ನಾಲ್ಕು ಘಟಕಗಳು. ಒಟ್ಟು 460 ಮೆಗಾವಾಟ್. ಕೊನೆಯ ಎರಡು ಘಟಕಗಳು ಸೇರಿದ್ದು 2009ರಲ್ಲಿ. ರಸ್ತೆಯಲ್ಲಿ ಸಾಗುವವರಿಗೆ ಬೆಟ್ಟದೊಳಗಿನ ಈ ಅಗಾಧ ಕೆಲಸದ ಸುಳಿವೇ ಸಿಗುವುದಿಲ್ಲ. ಇಲ್ಲಿಗೆ ವಿಳಾಸ ಬರೆಯುವಾಗ ‘ಸಿದ್ದಾಪುರದ ಹತ್ತಿರ’ ಎಂದರೂ ಸಾಲದು, ಉತ್ತರ ಕನ್ನಡದಲ್ಲಿ ಇನ್ನೊಂದು ಸಿದ್ದಾಪುರವಿದೆ!

ಮಂಜೇಶ್ವರದ ಹೊಸಂಗಡಿ ರಾಷ್ಟ್ರೀಯ ಹೆದ್ದಾರಿ 66ರ ಪೇಟೆ. ಪಕ್ಕದಲ್ಲೇ ರೈಲು ಹಳಿ. ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ ಎಲ್ಲವೂ ಇಲ್ಲಿ ಕಿವಿಗೆ ಬೀಳುತ್ತವೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ಇದೂ ಸೇರಿತು. ಕವಿ ಎಂ. ಗೋವಿಂದ ಪೈ (1883–1963) ಬಾಳಿದ ಮಂಜೇಶ್ವರದ ಮನೆ, ಇಂದಿನ ‘ಗಿಳಿವಿಂಡು’ ಸ್ಮಾರಕ, ಇಲ್ಲಿಂದ ದೂರವಿಲ್ಲ.