ಕೊಡಗಿನ ಕೃಷಿ ಪ್ರವಾಸೋದ್ಯಮ

ಕೊಡಗಿನ ಕೃಷಿ ಪ್ರವಾಸೋದ್ಯಮವು ಕರ್ನಾಟಕದ ಕೊಡಗು ಜಿಲ್ಲೆಯಲ್ಲಿ ಬೆಳೆಗಾರರು ತಮ್ಮ ಮನೆ ಅಥವಾ ತೋಟದಲ್ಲಿ ಪ್ರವಾಸಿಗರಿಗೆ ವಸತಿ, ಊಟ ಹಾಗೂ ಕೃಷಿ ಜೀವನದ ಪರಿಚಯವನ್ನು ಒದಗಿಸುವ ವ್ಯವಸ್ಥೆಯಾಗಿದೆ. ಜನಬಳಕೆಯಲ್ಲಿ ಇದಕ್ಕೆ ಹೋಂಸ್ಟೇ ಎಂದೇ ಹೆಸರು. ಕಾವೇರಿ ನದಿಯು ಇದೇ ಜಿಲ್ಲೆಯ ತಲಕಾವೇರಿಯಲ್ಲಿ ಹುಟ್ಟುವುದರಿಂದ, ಇಲ್ಲಿನ ಪ್ರವಾಸೋದ್ಯಮದ ಮಿತಿಯ ಪ್ರಶ್ನೆ ಕೊಡಗಿಗಷ್ಟೇ ಸೀಮಿತವಾದುದಲ್ಲ.

ಹಿನ್ನೆಲೆ

ಭಾರತದ ಕಾಫಿ ಉತ್ಪಾದನೆಯಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಪಾಲು ಕೊಡಗಿನದು. ಕಾಫಿಯ ಕೊಯ್ಲು ವರ್ಷಕ್ಕೊಮ್ಮೆ ಮಾತ್ರ; ಬೆಲೆ ನಿರ್ಧಾರವಾಗುವುದು ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ. 2000ದ ಆಸುಪಾಸಿನಲ್ಲಿ ಆ ಬೆಲೆ ತೀವ್ರವಾಗಿ ಕುಸಿದಾಗ ಸಣ್ಣ ಬೆಳೆಗಾರರಿಗೆ ಉಪ ಆದಾಯ ಅನಿವಾರ್ಯವಾಯಿತು. ಖಾಲಿ ಇದ್ದ ಕೋಣೆಗಳು ಅತಿಥಿಗಳಿಗೆ ತೆರೆದುಕೊಂಡವು. ಕಡಂಬುಟ್ಟು, ಅಕ್ಕಿ ಒಟ್ಟಿ, ಪಂದಿ ಕರಿಯಂತಹ ಮನೆಯಡುಗೆಯೂ ಆಕರ್ಷಣೆಯಾಯಿತು.

ಪರಿಸರದ ಪ್ರಶ್ನೆ

ಇಲ್ಲಿನ ಕಾಫಿಯನ್ನು ಮರಗಳ ನೆರಳಿನಲ್ಲಿ ಬೆಳೆಯಲಾಗುತ್ತದೆ. ಕಾಡುಮರಗಳನ್ನು ಉಳಿಸಿಕೊಂಡ ತೋಟವು ಮಣ್ಣನ್ನು ಹಿಡಿದಿಡುತ್ತದೆ. ಪ್ರವಾಸಿಗರು ಬರುವುದೂ ಬಹುಪಾಲು ಈ ಹಸಿರಿಗಾಗಿಯೇ. ತೋಟದ ಆದಾಯಕ್ಕೆ ಪೂರಕವಾಗಿ ಅತಿಥಿಗಳನ್ನು ಸ್ವೀಕರಿಸುವುದರಿಂದ ತೋಟವೇ ಉಳಿಯಬಹುದು. ಆದರೆ ಹೊಸ ಕಟ್ಟಡಕ್ಕಾಗಿ ಇಳಿಜಾರನ್ನು ಜೆಸಿಬಿಯಿಂದ ಕಡಿದು ಸಮತಟ್ಟು ಮಾಡಿದಾಗ ಗುಡ್ಡದ ಬುಡ ಸಡಿಲಗೊಳ್ಳುತ್ತದೆ. 2018ರ ಆಗಸ್ಟ್‌ನ ಅತಿವೃಷ್ಟಿಯಲ್ಲಿ ಮಡಿಕೇರಿ ಸುತ್ತಮುತ್ತ ಭಾರಿ ಭೂಕುಸಿತಗಳಾದವು. ಇಳಿಜಾರುಗಳನ್ನು ಬದಲಾಯಿಸಿದ್ದು ಇದಕ್ಕೆ ಕಾರಣಗಳಲ್ಲೊಂದೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಗುರುತಿಸಿತು. ಎಲ್ಲ ಹೊಣೆಯನ್ನೂ ಹೋಂಸ್ಟೇಗಳ ಮೇಲೆ ಹೊರಿಸುವುದು ಮಾತ್ರ ಸರಿಯಾಗದು. ರಸ್ತೆ ಅಗಲೀಕರಣಕ್ಕೂ ಗುಡ್ಡ ಕಡಿಯಲಾಗಿದೆ.

ನೀರಿನ ಸಮಸ್ಯೆ ಇಷ್ಟು ಎದ್ದು ಕಾಣುವುದಿಲ್ಲ. ಫೆಬ್ರವರಿ–ಮಾರ್ಚ್‌ನಲ್ಲಿ ರೊಬಸ್ಟಾ ಗಿಡಗಳು ಹೂ ಬಿಡಲು ತೋಟಗಳಿಗೆ ತುಂತುರು ನೀರಾವರಿ ಬೇಕು. ಅದರ ಬೆನ್ನಿಗೇ ಬೇಸಿಗೆ ರಜೆಯ ಪ್ರವಾಸಿಗರು ಬರುತ್ತಾರೆ. ತೊರೆಗಳು ಬತ್ತುವುದೂ ಆಗಲೇ. ಕಣಿವೆಯ ಭತ್ತದ ಗದ್ದೆಗಳು ಮಳೆನೀರನ್ನು ನಿಲ್ಲಿಸಿ ಇಂಗಿಸುತ್ತಿದ್ದವು. ಕೂಲಿಯ ಕೊರತೆಯಿಂದ ಪಾಳು ಬಿದ್ದ ಗದ್ದೆಗಳು ಕಟ್ಟಡದ ನಿವೇಶನಗಳಾದರೆ ಆ ಇಂಗುವಿಕೆಯೂ ನಿಲ್ಲುತ್ತದೆ. ಒಳಚರಂಡಿ ಇಲ್ಲದ ಹಳ್ಳಿಗಳಲ್ಲಿ ಶೌಚದ ನೀರು ಸೇರುವುದು ಇಂಗುಗುಂಡಿಗೆ. ಗುಂಡಿ ತೊರೆಯ ಪಕ್ಕದಲ್ಲಿದ್ದರೆ ಮಾಲಿನ್ಯ ನೇರವಾಗಿ ಹೊಳೆಗೆ ಸಾಗುತ್ತದೆ.

ನಿಯಂತ್ರಣ

ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಯೋಜನೆಯಂತೆ ಹೋಂಸ್ಟೇಯಲ್ಲಿ ಗರಿಷ್ಠ ಆರು ಕೋಣೆಗಳನ್ನು ಬಾಡಿಗೆಗೆ ಕೊಡಬಹುದು. ಮಾಲೀಕರ ಕುಟುಂಬ ಅಲ್ಲಿಯೇ ವಾಸವಿರಬೇಕು. ರೆಸಾರ್ಟಿಗೂ ಹೋಂಸ್ಟೇಗೂ ಇರುವ ಮುಖ್ಯ ವ್ಯತ್ಯಾಸ ಇದೇ. ನೋಂದಣಿಯಿಲ್ಲದೆ ನಡೆಯುವ ಹೋಂಸ್ಟೇಗಳಿಂದ ಈ ವ್ಯತ್ಯಾಸ ಮಸುಕಾಗಿದೆ.

2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟಗಳ 39 ತಾಣಗಳಲ್ಲಿ ಕೊಡಗಿನ ಪುಷ್ಪಗಿರಿ, ಬ್ರಹ್ಮಗಿರಿ ಹಾಗೂ ತಲಕಾವೇರಿ ವನ್ಯಜೀವಿ ಧಾಮಗಳಿವೆ. ಘಟ್ಟ ಪ್ರದೇಶದ ರಕ್ಷಣೆಯ ಕುರಿತು 2011ರಲ್ಲಿ ಮಾಧವ ಗಾಡ್ಗೀಳ್ ಸಮಿತಿಯೂ 2013ರಲ್ಲಿ ಕಸ್ತೂರಿರಂಗನ್ ಸಮಿತಿಯೂ ವರದಿ ನೀಡಿದವು. ನಿರ್ಬಂಧಗಳಿಂದ ಸಾಂಪ್ರದಾಯಿಕ ಭೂಹಕ್ಕು ಮತ್ತು ಜೀವನೋಪಾಯಕ್ಕೆ ಧಕ್ಕೆಯಾದೀತೆಂಬ ಆತಂಕದಿಂದ ಕೊಡಗಿನಲ್ಲಿ ಇವುಗಳಿಗೆ ಪ್ರಬಲ ವಿರೋಧ ವ್ಯಕ್ತವಾಯಿತು.