ಮೂವರು ತಾಯಂದಿರು, ಒಂದು ಖಾಲಿ ಕಾಲಂ

ಆಣಂದ್ ಅಂದ ತಕ್ಷಣ ನಮಗೆಲ್ಲ ಅಮೂಲ್ ಬೆಣ್ಣೆ ನೆನಪಾಗುತ್ತೆ. ಗುಜರಾತಿನ ಅದೇ ಊರಲ್ಲಿ 2008ರ ಜುಲೈ 25ರಂದು ಒಂದು ಹೆಣ್ಣುಮಗು ಹುಟ್ಟಿತು. ವೀರ್ಯ ಜಪಾನಿನ ಅಪ್ಪನದ್ದು, ಅಂಡಾಣು ಹೆಸರು ಹೇಳದ ದಾನಿಯದ್ದು, ಹೊತ್ತು ಹೆತ್ತದ್ದು ಬಾಡಿಗೆ ತಾಯಿ. ಅಪ್ಪನ ಜೊತೆ ಆಣಂದ್‌ಗೆ ಬಂದಿದ್ದ ಹೆಂಡತಿ, ಹೆರಿಗೆಗೆ ಸ್ವಲ್ಪ ಮುಂಚೆ ವಿಚ್ಛೇದನ ಆಗಿ, ಈ ಮಗು ತನಗೆ ಬೇಡ ಅಂದಿದ್ದರು.

ಲೆಕ್ಕಕ್ಕೆ ಮೂವರು ತಾಯಂದಿರು. ಸರಿ, ತಾಯಿಯ ಕಾಲಂನಲ್ಲಿ ಯಾರ ಹೆಸರು ಬರೀಬೇಕು?

ಜಪಾನಿನಲ್ಲಿ ಹೆತ್ತವಳೇ ತಾಯಿ. ಅಮೆರಿಕದಲ್ಲಿ ಬಾಡಿಗೆ ತಾಯಿಯಿಂದ ಹುಟ್ಟಿದ್ದ ಅವಳಿಗಳ ವಿಷಯದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 2007ರಲ್ಲಿ ಅದನ್ನೇ ಹೇಳಿತ್ತು. ಹಾಗಾಗಿ ಜಪಾನಿ ಪಾಸ್‌ಪೋರ್ಟ್ ಸಿಗಲಿಲ್ಲ. ನಮ್ಮಲ್ಲೋ ಆಗ ಕಾನೂನೇ ಇಲ್ಲ. ಇದ್ದದ್ದು ಐಸಿಎಂಆರ್‌ನ 2005ರ ಮಾರ್ಗಸೂಚಿ, ಅದೂ ಕಡ್ಡಾಯ ಅಲ್ಲ. ವೀಸಾ ಮುಗಿದು ಅಪ್ಪ ವಾಪಸ್ ಹೋದರು, ಎಪ್ಪತ್ತು ದಾಟಿದ ಅಜ್ಜಿ ಬಂದು ಮಗು ನೋಡಿಕೊಂಡರು. ಕೂಸು ಜೈಪುರದ ಆಸ್ಪತ್ರೆಯಲ್ಲಿ, ಕೇಸು ಮೊದಲು ರಾಜಸ್ಥಾನ ಹೈಕೋರ್ಟಲ್ಲಿ, ಆಮೇಲೆ ದೆಹಲಿಯಲ್ಲಿ. ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್, ದೂರಿದ್ದರೆ ಮಕ್ಕಳ ಹಕ್ಕುಗಳ ಆಯೋಗಕ್ಕೆ ಹೋಗಿ ಅಂತ ಹೇಳಿ ಕೇಸು ಮುಗಿಸಿತು. ತಾಯಿ ಯಾರು ಅನ್ನೋದನ್ನ ತೀರ್ಮಾನ ಮಾಡಲೇ ಇಲ್ಲ.

ಕೊನೆಗೆ ಜೈಪುರದ ಪಾಸ್‌ಪೋರ್ಟ್ ಕಚೇರಿ ಒಂದು ಗುರುತಿನ ಪತ್ರ ಕೊಟ್ಟಿತು. ಅದರಲ್ಲಿ ತಾಯಿಯ ಹೆಸರೂ ಇಲ್ಲ, ಮಗುವಿನ ರಾಷ್ಟ್ರೀಯತೆಯೂ ಇಲ್ಲ. ನಾನು ದಿನಾ ಡೇಟಾಬೇಸ್ ಜೊತೆ ಒದ್ದಾಡೋನು; ಕಡ್ಡಾಯ ಫೀಲ್ಡ್ ಖಾಲಿ ಬಿಟ್ಟರೆ ರೆಕಾರ್ಡೇ ಸೇವ್ ಆಗಲ್ಲ. ಇಲ್ಲಿ ಖಾಲಿ ಬಿಟ್ಟಿದ್ದಕ್ಕೇ ಮಗು ಮನೆ ಸೇರಿತು! ಜಪಾನ್ ಮಾನವೀಯ ನೆಲೆಯಲ್ಲಿ ವೀಸಾ ಕೊಟ್ಟಿತು, ನವೆಂಬರಲ್ಲಿ ಅಜ್ಜಿ-ಮೊಮ್ಮಗಳು ವಿಮಾನ ಹತ್ತಿದರು.

ಅದೇ ವರ್ಷ ಆಣಂದ್‌ನಲ್ಲೇ ಜರ್ಮನ್ ಅಪ್ಪನಿಗೆ ಹುಟ್ಟಿದ ಅವಳಿಗಳದ್ದೂ ಇದೇ ಪಾಡು. ಹೆತ್ತವಳು ಭಾರತೀಯಳು, ಹಾಗಾಗಿ ಮಕ್ಕಳೂ ಭಾರತೀಯರು ಅಂತ ಗುಜರಾತ್ ಹೈಕೋರ್ಟ್ 2009ರಲ್ಲಿ ಹೇಳಿತು. ಆದರೂ ಮಕ್ಕಳು ಹೊರಟದ್ದು 2010ರಲ್ಲಿ.

2012ರಲ್ಲಿ ಗೃಹ ಸಚಿವಾಲಯ ಹೊಸ ನಿಯಮ ತಂತು: ಮದುವೆಯಾಗಿ ಎರಡು ವರ್ಷ ಆದ ಗಂಡ-ಹೆಂಡತಿಗೆ ಮಾತ್ರ ಅವಕಾಶ, ವೈದ್ಯಕೀಯ ವೀಸಾ ಬೇಕು, ಹುಟ್ಟುವ ಮಗುವನ್ನ ಒಳಗೆ ಬಿಟ್ಟುಕೊಳ್ತೀವಿ ಅಂತ ಅವರ ದೇಶದ ಪತ್ರವೂ ಬೇಕು. ನನ್ನ ಪ್ರಕಾರ ಆ ಪತ್ರವೇ ಮಗುವಿಗೆ ಸಿಕ್ಕ ಮೊದಲ ನಿಜವಾದ ರಕ್ಷಣೆ. 2015ರ ನವೆಂಬರಲ್ಲಿ ವಿದೇಶಿಯರಿಗೆ ಬಾಗಿಲೇ ಮುಚ್ಚಿತು. ದುಡ್ಡಿನ ಸರೊಗಸಿಯನ್ನ ಎಲ್ಲರಿಗೂ ನಿಷೇಧಿಸಿದ ಕಾನೂನು ಬಂದದ್ದು 2021ರಲ್ಲಿ.

ಹೆತ್ತವಳ ಕಥೆ? 2012ರ ನಿಯಮದಿಂದ ಹೊರಗುಳಿದ ಸಲಿಂಗಿ ಜೋಡಿಗಳಲ್ಲಿ ಕೆಲವರು ನೇಪಾಳಕ್ಕೆ ಹೋದರು. ಅಲ್ಲಿ ಅವರ ಮಕ್ಕಳನ್ನ ಹೊತ್ತವರಲ್ಲಿ ಹಲವರು ಭಾರತದ ಹೆಂಗಸರೇ. 2015ರ ಏಪ್ರಿಲ್‌ನಲ್ಲಿ ಭೂಕಂಪ ಆದಾಗ ಇಸ್ರೇಲ್ ವಿಮಾನ ಕಳಿಸಿ ತನ್ನ ಜನರ ಕೂಸುಗಳನ್ನ ಎತ್ತಿಕೊಂಡು ಹೋಯಿತು. ಹೆತ್ತವರು ಕಾಠ್ಮಂಡುವಲ್ಲೇ ಉಳಿದರು.