ವಾಲ್ವಿಗೆ ಶ್ರುತಿ ಕೂಡಿಸಿದವರು

ತಂಬೂರಿಯ ತಂತಿಗಳನ್ನು ಷಡ್ಜ ಪಂಚಮಗಳಿಗೆ ಬಿಗಿದ ಮಾತ್ರಕ್ಕೆ ಶ್ರುತಿ ಪೂರ್ಣವಾಗುವುದಿಲ್ಲವೆಂಬುದು ಸಂಗೀತ ಬಲ್ಲವರಿಗೆಲ್ಲ ತಿಳಿದ ವಿಷಯ. ಕುದುರೆಯ ಮೇಲೆ, ತಂತಿಯ ಕೆಳಗೆ ಸೇರಿಸಿದ ನೂಲೆಳೆಯನ್ನು ಒಂದಿಷ್ಟು ಹಿಂದಕ್ಕೋ ಮುಂದಕ್ಕೋ ಸರಿಸಬೇಕು; ಆಗ ನಾದ ಇದ್ದಕ್ಕಿದ್ದಂತೆ ತುಂಬಿಕೊಂಡು ಝೇಂಕರಿಸುತ್ತದೆ. ತಂತಿಯ ಸ್ವರ ಬದಲಾಗಲಿಲ್ಲ. ಅದರೊಳಗಿನ ಉಪಸ್ವರಗಳ ಪ್ರಮಾಣ ಬದಲಾಯಿತು. ಮನೆಯಲ್ಲಿ ಸಂಗೀತ ಕೇಳಲೆಂದು ಮಾಡಿದ ವಾಲ್ವ್ ಆಂಪ್ಲಿಫೈಯರಿನ ಚರಿತ್ರೆಯೂ ಬಹುಮಟ್ಟಿಗೆ ಇಂಥ ಉಪಸ್ವರಗಳ ಚರಿತ್ರೆಯೇ. ತಂಬೂರಿಯಲ್ಲಿ ಅವನ್ನು ನಾವಾಗಿ ಬರಮಾಡಿಕೊಳ್ಳುತ್ತೇವೆ. ಆಂಪ್ಲಿಫೈಯರಿನಲ್ಲಿ ಅವು ಕರೆಯದೆ ಬರುವ ನೆಂಟರು. ಈ ನೆಂಟರನ್ನು ಹೊರಗೆ ಕಳಿಸಲು ಇಂಜಿನಿಯರುಗಳು ಪಟ್ಟ ಪಾಡನ್ನೂ, ಅವರು ಹೋದ ಮೇಲೆ ಕೆಲವು ಕೇಳುಗರು ಅವರನ್ನೇ ನೆನೆದು ಪೇಚಾಡಿದ್ದನ್ನೂ ಇಲ್ಲಿ ಸ್ವಲ್ಪ ನೋಡೋಣ.

1904ರಲ್ಲಿ ಇಂಗ್ಲೆಂಡಿನ ಫ್ಲೆಮಿಂಗ್, ವಿದ್ಯುತ್ತನ್ನು ಒಂದೇ ದಿಕ್ಕಿಗೆ ಹರಿಯಬಿಡುವ ಗಾಜಿನ ನಳಿಕೆಯನ್ನು ನಿರ್ಮಿಸಿದನು. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಅದರೊಳಗೆ ಮೂರನೆಯದೊಂದು ತಂತಿಯನ್ನು ಸೇರಿಸಿದನು. ಮುಂದೆ ಅದಕ್ಕೆ ಗ್ರಿಡ್ ಎಂಬ ಹೆಸರು ನಿಂತಿತು. ಗ್ರಿಡ್ಡಿಗೆ ಕೊಟ್ಟ ಸಣ್ಣ ಏರಿಳಿತ ದೊಡ್ಡದಾಗಿ ಹೊರಬಂದಿತು. ಆದರೆ ಕೊಟ್ಟದ್ದೇ ಹೊರಬರಲಿಲ್ಲ. ವಾಲ್ವು ಏರುವಾಗ ಒಂದು ಬಗೆ, ಇಳಿಯುವಾಗ ಇನ್ನೊಂದು ಬಗೆ. ಈ ಪಕ್ಷಪಾತದಿಂದ ಮೂಲದಲ್ಲಿಲ್ಲದ ಸ್ವರಗಳು ಹುಟ್ಟುತ್ತವೆ. ಮಧ್ಯಸ್ಥಾಯಿಯ ಷಡ್ಜವನ್ನು ಕೊಟ್ಟರೆ ಅದರ ಎರಡರಷ್ಟು ಕಂಪನದ ತಾರ ಷಡ್ಜ, ಮೂರರಷ್ಟು ಕಂಪನದ ತಾರ ಪಂಚಮ, ಐದರಷ್ಟಾದರೆ ಇನ್ನೂ ಮೇಲಿನ ಅಂತರ ಗಾಂಧಾರ. ಇಷ್ಟರ ತನಕ ಕಿವಿಗೆ ದೊಡ್ಡ ಉಪದ್ರವವಿಲ್ಲ. ಏಳರಷ್ಟಾದದ್ದು ಮಾತ್ರ ಹಾರ್ಮೋನಿಯಮ್ಮಿನ ಯಾವ ಮನೆಗೂ ಸೇರದು. ಗಾಯಕ, ಪಿಟೀಲು, ಮೃದಂಗ ಒಟ್ಟಿಗೆ ಬಂದಾಗಲಂತೂ ಒಂದರ ಕಂಪನ ಇನ್ನೊಂದರೊಡನೆ ಕೂಡಿ ಕಳೆದು, ಯಾವ ರಾಗಕ್ಕೂ ಸಲ್ಲದ ಸದ್ದುಗಳು ಹುಟ್ಟುತ್ತವೆ. ಹಳೆಯ ಸೆಟ್ಟುಗಳಲ್ಲಿ ಒಬ್ಬರ ಹಾಡು ಚೆನ್ನಾಗಿ ಕೇಳಿ, ಮೇಳ ಸೇರಿದೊಡನೆ ಕಲಸುಮೇಲೋಗರವಾಗುತ್ತಿದ್ದುದಕ್ಕೆ ಒಂದು ಕಾರಣ ಇದು.

ಮೊದಲ ಮದ್ದು ಬಂದದ್ದು ಸಂಗೀತದವರಿಂದಲ್ಲ, ಟೆಲಿಫೋನಿನವರಿಂದ. ದೂರದ ತಂತಿಯ ಮೇಲೆ ಹೋಗುವ ಮಾತನ್ನು ದಾರಿಯುದ್ದಕ್ಕೂ ಹತ್ತಾರು ಆಂಪ್ಲಿಫೈಯರುಗಳು ಎತ್ತಿಕೊಡಬೇಕಾಗಿತ್ತು. ಒಂದೊಂದರ ದೋಷವೂ ಮುಂದಿನದಕ್ಕೆ ಬಳುವಳಿಯಾಗಿ ಬರುತ್ತಿತ್ತು. 1927ರ ಆಗಸ್ಟ್ 2ರ ಬೆಳಿಗ್ಗೆ ಬೆಲ್ ಪ್ರಯೋಗಶಾಲೆಯ ಹೆರಾಲ್ಡ್ ಬ್ಲ್ಯಾಕ್ ಕೆಲಸಕ್ಕೆಂದು ಹಡ್ಸನ್ ನದಿಯನ್ನು ಹಡಗಿನಲ್ಲಿ ದಾಟುತ್ತಿದ್ದಾಗ ಉಪಾಯ ಹೊಳೆಯಿತು; ಕೈಯಲ್ಲಿದ್ದ ವೃತ್ತಪತ್ರಿಕೆಯ ಮೇಲೆಯೇ ಅದನ್ನು ಗೀಚಿಕೊಂಡನು. ಹೊರಬಂದುದರಲ್ಲಿ ಒಂದು ಪಾಲನ್ನು ತಿರುಗುಮುರುಗಾಗಿಸಿ ಪುನಃ ಒಳಕ್ಕೆ ಕೊಡುವುದು: ಇಷ್ಟೇ ಆ ಉಪಾಯ. ಸಂಗೀತವೂ ಕುಗ್ಗುತ್ತದೆ, ದೋಷವೂ ಕುಗ್ಗುತ್ತದೆ. ಸಂಗೀತವನ್ನು ಮತ್ತೆ ಎತ್ತಿಕೊಳ್ಳಬಹುದು, ದೋಷ ಕುಗ್ಗಿದ್ದು ಕುಗ್ಗಿದಂತೆಯೇ ಉಳಿಯುತ್ತದೆ. ಕಷ್ಟಪಟ್ಟು ಗಳಿಸಿದ ಬಲವನ್ನು ಬೇಕೆಂದೇ ಚೆಲ್ಲುವುದೆಂದರೆ ಆಗಿನವರಿಗೆ ಹುಚ್ಚಾಟವೆನಿಸಿತು. ಅಮೆರಿಕದ ಪೇಟೆಂಟು ಕೈಗೆ ಬರಲು 1937ರ ವರೆಗೆ ಕಾಯಬೇಕಾಯಿತು. ನೆಗೆಟಿವ್ ಫೀಡ್‌ಬ್ಯಾಕ್ ಎಂಬ ಹೆಸರು ಪ್ರಸಿದ್ಧವಾದದ್ದು ಹೀಗೆ.

ಇದನ್ನು ಮನೆಯ ದಿವಾನಖಾನೆಗೆ ತಂದವರಲ್ಲಿ ಇಂಗ್ಲೆಂಡಿನ ಹೆರಾಲ್ಡ್ ಲೀಕ್ ಮೊದಲಿಗರ ಪೈಕಿ ಒಬ್ಬ. 1945ರಲ್ಲಿ ಅವನು ಹೊರತಂದ ಆಂಪ್ಲಿಫೈಯರಿನ ಹೆಸರೇ ‘ಪಾಯಿಂಟ್ ಒನ್’. ಅದರ ವಿಕೃತಿ ಶೇಕಡಾ 0.1ನ್ನು ಮೀರದೆಂಬ ಘೋಷಣೆ. ಆದರೆ ಊರೂರಿನ ಹವ್ಯಾಸಿಗಳ ಕೈಗೆ ಬೆಸುಗೆ ಕಡ್ಡಿಯನ್ನು ಕೊಟ್ಟವನು ಎಡಿನ್‌ಬರೋದ ತರುಣ ಡಿ. ಟಿ. ಎನ್. ವಿಲಿಯಮ್‌ಸನ್. ಗಣಿತದ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಪದವಿಯಿಲ್ಲದೆಯೇ ವಿಶ್ವವಿದ್ಯಾನಿಲಯವನ್ನು ಬಿಟ್ಟು, ಯುದ್ಧಕಾಲದಲ್ಲಿ ವಾಲ್ವ್ ಕಾರ್ಖಾನೆಯನ್ನು ಸೇರಿದವನು. (ಇದೇ ಮನುಷ್ಯ 1968ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದನೆಂಬುದನ್ನು ನಮ್ಮ ಪರೀಕ್ಷಾರ್ಥಿಗಳು ಗಮನಿಸಬಹುದು.) 1947ರ ಏಪ್ರಿಲ್ ಮತ್ತು ಮೇ ತಿಂಗಳ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಅವನ ಲೇಖನ ಬಂದಾಗ ವಯಸ್ಸು ಇಪ್ಪತ್ತಮೂರು. ಕೆಟಿ66 ವಾಲ್ವುಗಳು ಎರಡು, 15 ವ್ಯಾಟ್ ಬಲ, ವಿಕೃತಿ ಶೇಕಡಾ 0.1ಕ್ಕೂ ಒಳಗೆ.

ಈ ಎರಡು ವಾಲ್ವುಗಳು ಉದ್ದ ಗರಗಸದ ಎರಡು ತುದಿ ಹಿಡಿದು ಮರ ಕೊಯ್ಯುವ ಇಬ್ಬರಂತೆ. ಒಬ್ಬ ಎಳೆಯುವಾಗ ಇನ್ನೊಬ್ಬ ಬಿಟ್ಟುಕೊಡುತ್ತಾನೆ. ಇಬ್ಬರ ಬಲವೂ ಸಮನಾದರೆ ಅವರಲ್ಲಿ ಹುಟ್ಟುವ ತಾರ ಷಡ್ಜಗಳು ಒಂದನ್ನೊಂದು ಹೊಡೆದುಹಾಕುತ್ತವೆ; ಪಂಚಮ ಮಾತ್ರ ಉಳಿಯುತ್ತದೆ. ಸಮನಾಗದಿದ್ದರೆ ಷಡ್ಜವೂ ಇಣುಕುತ್ತದೆ. ಜೊತೆಗೆ ಟ್ರಾನ್ಸ್‌ಫಾರ್ಮರಿನ ಕಬ್ಬಿಣ ಒಂದೇ ಕಡೆಗೆ ಕಾಂತಗೊಂಡು ಮಂದ್ರಸ್ವರಗಳು ಸೊರಗುತ್ತವೆ. ಆದ್ದರಿಂದ ವಿಲಿಯಮ್‌ಸನ್ ತನ್ನ ನಕ್ಷೆಯಲ್ಲಿ ಎರಡು ತಿರುಗಿಸುವ ರೆಸಿಸ್ಟರುಗಳನ್ನಿಟ್ಟನು: ಒಂದರಿಂದ ಇಬ್ಬರ ಒಟ್ಟು ದುಡಿಮೆಯನ್ನು ಗೊತ್ತುಮಾಡುವುದು, ಇನ್ನೊಂದರಿಂದ ಇಬ್ಬರನ್ನೂ ಸಮ ಮಾಡುವುದು. ಯಂತ್ರಕ್ಕೆ ಶ್ರುತಿ ಕೂಡಿಸುವುದೆಂದರೆ ಮನೆಯವನ ಪಾಲಿಗೆ ಇದೇ.

ಲೇಖನ ಓದಿ ಕಟ್ಟಿದವರು ಬಹಳ ಮಂದಿ. ಕೈ ಸುಟ್ಟುಕೊಂಡವರೂ ಕಡಮೆಯಲ್ಲ. ಟ್ರಾನ್ಸ್‌ಫಾರ್ಮರಿನ ಸುರುಳಿಗಳನ್ನು ಹಲವು ಭಾಗಗಳಾಗಿ ಒಂದರೊಳಗೊಂದು ಹೆಣೆದು ಸುತ್ತಬೇಕೆಂದು ವಿಲಿಯಮ್‌ಸನ್ ಖಂಡಿತವಾಗಿ ಹೇಳಿದ್ದನು. ಅಗ್ಗದ ಟ್ರಾನ್ಸ್‌ಫಾರ್ಮರು ಹಾಕಿದವರ ಮನೆಯಲ್ಲಿ, ಹಿಂದಕ್ಕೆ ಕೊಟ್ಟ ಪಾಲು ಹೊತ್ತು ತಪ್ಪಿ ಬಂದು, ಕುಗ್ಗಿಸುವ ಬದಲು ಹೆಚ್ಚಿಸತೊಡಗುತ್ತಿತ್ತು. ಅದಲ್ಲದೆ, ಇಂಥ ಆಂಪ್ಲಿಫೈಯರುಗಳಿಗೆ ಸಂಗೀತವೇ ಇಲ್ಲದಾಗ ಪುಟಪುಟನೆ ಸದ್ದು ಮಾಡುವ ಒಂದು ಕಾಯಿಲೆಯುಂಟು; ಇಂಗ್ಲಿಷರು ಅದನ್ನು ಮೋಟಾರು ದೋಣಿ ಎಂದೇ ಕರೆದರು. ಒಳ್ಳೆಯ ಔಷಧವಾದರೂ ಪಥ್ಯ ತಪ್ಪಿದರೆ ವಿಷವಾಗುವ ಬಗೆ ಇದು.

ಇಷ್ಟಾದರೂ ಕಿವಿಯ ದೂರು ತೀರಲಿಲ್ಲ. 1933ರಲ್ಲಿ ಫ್ಲೆಚರ್ ಮತ್ತು ಮನ್ಸನ್ ಎಂಬಿಬ್ಬರು ಬೆಲ್ ಪ್ರಯೋಗಶಾಲೆಯಲ್ಲಿ ಅಳೆದು ತೋರಿಸಿದ್ದರು: ಸದ್ದನ್ನು ಇಳಿಸಿದಂತೆಲ್ಲ ನಮ್ಮ ಕಿವಿಗೆ ಮಂದ್ರಸ್ವರಗಳು ಉಳಿದವುಗಳಿಗಿಂತ ಬೇಗ ಕಾಣೆಯಾಗುತ್ತವೆ. ನೆರೆಮನೆಯವರ ನಿದ್ದೆಗೆ ಅಂಜಿ ರೇಡಿಯೋವನ್ನು ಮೆಲ್ಲಗೆ ಇಟ್ಟರೆ ಮೃದಂಗದ ಎಡಮಗ್ಗುಲಿನ ನಾದ ಮೊದಲು ಮಾಯ. ದೋಷ ಯಂತ್ರದ್ದಲ್ಲ. ಬಹುಮಂದಿ ಮನೆಯಲ್ಲಿ ಕಂಡಿದ್ದ ಸಾಧಾರಣ ವಾಲ್ವ್ ರೇಡಿಯೋದ ಟೋನ್ ಗುಂಡಿ ಇದಕ್ಕೆ ಪರಿಹಾರವಾಗಿರಲಿಲ್ಲ. ಅದನ್ನು ತಿರುಗಿಸಿದಾಗ ಮಂದ್ರ ತುಂಬಿಬಂದಿತೆಂದು ಮನೆಯವರು ಸಂತೋಷಪಡುತ್ತಿದ್ದರಷ್ಟೆ? ನಿಜವಾಗಿ ಅದು ತಾರವನ್ನು ಕತ್ತರಿಸಿ ಎಸೆಯುತ್ತಿತ್ತು, ಅಷ್ಟೆ. ವಿಲಿಯಮ್‌ಸನ್ನನೇ 1949ರಲ್ಲಿ ತನ್ನ ಆಂಪ್ಲಿಫೈಯರಿಗೆ ಸ್ವರ ತಿದ್ದುವ ಮುಂಭಾಗವೊಂದನ್ನು ಪ್ರಕಟಿಸಿದನು. ಮೂರು ವರ್ಷ ಕಳೆದು, 1952ರ ಅಕ್ಟೋಬರಿನಲ್ಲಿ, ಅದೇ ಪತ್ರಿಕೆಯಲ್ಲಿ ಪೀಟರ್ ಬ್ಯಾಕ್ಸಂಡಾಲ್ ಇದಕ್ಕಿಂತ ಚೊಕ್ಕವಾದುದನ್ನು ಕೊಟ್ಟನು. ಮಂದ್ರಕ್ಕೊಂದು ಗುಂಡಿ, ತಾರಕ್ಕೊಂದು ಗುಂಡಿ. ಎರಡನ್ನೂ ಏರಿಸಬಹುದು, ಇಳಿಸಬಹುದು. ನಡುವೆ ನಿಲ್ಲಿಸಿದರೆ ಬಂದದ್ದು ಬಂದಂತೆಯೇ ಹೋಗುತ್ತದೆ. ಬ್ಲ್ಯಾಕನ ಉಪಾಯವನ್ನೇ ಇಲ್ಲಿಯೂ ಬಳಸಿತ್ತು. ಮುಂದೆ ಲೋಕದ ತುಂಬ ಎಷ್ಟೋ ಸೆಟ್ಟುಗಳಲ್ಲಿ ಕುಳಿತ ಎರಡು ಗುಂಡಿಗಳ ವಂಶ ಇದು. ಇವನ್ನು ಮುಟ್ಟುವುದೇ ಅಪಚಾರವೆನ್ನುವ ಮಡಿವಂತರು ಇದ್ದರು. ಕಚೇರಿ ಎದುರಿನಲ್ಲಿ ಕೂತು ಕೇಳಿದಷ್ಟೇ ಗಟ್ಟಿಯಾಗಿ ಮನೆಯಲ್ಲಿ ಹಾಕಿ ಕೇಳುವ ಅನುಕೂಲವಿದ್ದವರಿಗೆ ಮಾತ್ರ ಆ ಮಡಿ ಸಲ್ಲುತ್ತದೆಂದು ನನ್ನ ಎಣಿಕೆ.

ಇನ್ನು ಸ್ಟೀರಿಯೋ. ಇದರ ಮೂಲಪುರುಷನೆನ್ನಬಹುದಾದ ಆಲನ್ ಬ್ಲಮ್ಲೈನ್ 1931ರ ಡಿಸೆಂಬರಿನಲ್ಲೇ ಇಂಗ್ಲೆಂಡಿನಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ್ದನು: ಒಂದೇ ಗೆರೆಯ ಎರಡು ಗೋಡೆಗಳಲ್ಲಿ ಎಡಬಲದ ಎರಡು ಧ್ವನಿಗಳನ್ನು ಕೊರೆಯುವ ವಿಧಾನ ಅದರಲ್ಲಿತ್ತು. ಅವನದೇ 1937ರ ಇನ್ನೊಂದು ಪೇಟೆಂಟಿನಲ್ಲಿ, ಟ್ರಾನ್ಸ್‌ಫಾರ್ಮರಿನ ಸುರುಳಿಯ ನಡುವಿನಿಂದ ಒಂದು ಎಳೆ ತೆಗೆದು ವಾಲ್ವಿನ ಎರಡನೆಯ ಗ್ರಿಡ್ಡಿಗೆ ಕಟ್ಟುವ ಉಪಾಯವೂ ಇತ್ತು. ಎರಡೂ ಕಡತದಲ್ಲಿ ಮಲಗಿದವು. ಬ್ಲಮ್ಲೈನ್ 1942ರ ಜೂನ್ 7ರಂದು, ವಿಮಾನದಲ್ಲಿ ರೇಡಾರನ್ನು ಪರೀಕ್ಷಿಸುತ್ತಿದ್ದಾಗ, ಆ ವಿಮಾನ ಬಿದ್ದು ಮಡಿದನು; ಮೂವತ್ತೆಂಟು ವರ್ಷ. ಎರಡನೆಯ ಉಪಾಯ 1951ರಲ್ಲಿ ಅಮೆರಿಕದ ಹಾಫ್ಲರ್ ಮತ್ತು ಕೆರೋಸ್ ಎಂಬವರ ಕೈಯಲ್ಲಿ ‘ಅಲ್ಟ್ರಾ ಲೀನಿಯರ್’ ಎಂಬ ಭಾರಿ ಹೆಸರಿನಿಂದ ಮತ್ತೆ ಕಾಣಿಸಿಕೊಂಡಿತು. ಹೆಸರಿನ ಭಾರಕ್ಕೆ ಮರುವರ್ಷವೇ ವಿಲಿಯಮ್‌ಸನ್ನನೂ, ಕ್ವಾಡ್ ಆಂಪ್ಲಿಫೈಯರಿನ ಪೀಟರ್ ವಾಕರನೂ ಸೇರಿ ‘ವೈರ್‌ಲೆಸ್ ವರ್ಲ್ಡ್’ನಲ್ಲಿ ಉತ್ತರ ಬರೆದರು, ಲೇಖನದ ತಲೆಬರಹದಲ್ಲೇ ಅತಿಶಯೋಕ್ತಿಯ ಮೇಲೊಂದು ಕುಟುಕು. ಮೊದಲನೆಯ ಉಪಾಯ, ಸ್ಟೀರಿಯೋ ಗ್ರಾಮಫೋನ್ ತಟ್ಟೆ, ಅಂಗಡಿಗೆ ಬರಲು 1958 ಆಯಿತು.

ಅಲ್ಲಿಂದ ಮನೆಯವನ ಕೆಲಸ ಎರಡರಷ್ಟಾಯಿತು. ಒಂದಕ್ಕೆರಡು ಆಂಪ್ಲಿಫೈಯರು, ಒಂದೊಂದೂ ತನ್ನೊಳಗೆ ಸಮವಾಗಿರಬೇಕು, ಎರಡೂ ಪರಸ್ಪರ ಸಮವಾಗಿರಬೇಕು. ಒಂದು ಸ್ವಲ್ಪ ಮುಂದಾದರೆ ನಡುವೆ ನಿಂತು ಹಾಡಬೇಕಾದ ಗಾಯಕ ಆ ಪಕ್ಕಕ್ಕೆ ಜರುಗುತ್ತಾನೆ. ಇದನ್ನು ನೋಡಲು ಹಳೆಯ ಒಂಟಿ ಧ್ವನಿಯ ತಟ್ಟೆಯೊಂದನ್ನು ಹಾಕಿ, ಎರಡು ಪೆಟ್ಟಿಗೆಗಳ ನಡುವೆ ಕೂತು, ಕಂಠ ಎದುರಿಗೇ ನಿಲ್ಲುವ ತನಕ ಬ್ಯಾಲೆನ್ಸ್ ಗುಂಡಿಯನ್ನು ತಿರುಗಿಸುವುದು ಪದ್ಧತಿ.

ಹಾಫ್ಲರನೇ ಡೈನಕೋ ಎಂಬ ಸಂಸ್ಥೆಯಿಂದ 1959ರಲ್ಲಿ ‘ಸ್ಟೀರಿಯೋ 70’ ಎಂಬುದನ್ನು ಹೊರತಂದನು. ಪಕ್ಕಕ್ಕೆ 35 ವ್ಯಾಟ್, ಇಎಲ್34 ವಾಲ್ವುಗಳು ನಾಲ್ಕು. ಬಿಡಿಭಾಗಗಳ ಪೆಟ್ಟಿಗೆ ಕೊಂಡು ಮನೆಯಲ್ಲೇ ಜೋಡಿಸಬಹುದಾಗಿತ್ತು. ಅದರ ಬಯಾಸ್ ಕೂಡಿಸುವ ಕ್ರಮ ನನಗೆ ಅತ್ಯಂತ ಮೆಚ್ಚುಗೆಯಾದುದು. ಬಯಾಸ್ ಎಂದರೆ ಸಂಗೀತವಿಲ್ಲದಾಗಲೂ ವಾಲ್ವಿನಲ್ಲಿ ಎಷ್ಟು ವಿದ್ಯುತ್ ಹರಿಯುತ್ತಿರಬೇಕೆಂಬುದನ್ನು ಗೊತ್ತುಮಾಡುವುದು. ಕಡಮೆಯಾದರೆ ಗರಗಸ ಒಬ್ಬನ ಕೈಯಿಂದ ಇನ್ನೊಬ್ಬನಿಗೆ ಹೋಗುವಲ್ಲಿ ತಡವರಿಸಿ ಸಣ್ಣ ಸ್ವರಗಳು ಒರಟಾಗುತ್ತವೆ. ಹೆಚ್ಚಾದರೆ ವಾಲ್ವಿನ ಒಳಹಾಳೆ ಕೆಂಪಗೆ ಕಾದು ಬೇಗ ಸಾಯುತ್ತದೆ. ಡೈನಕೋದವರು 15.6 ಓಮಿನ ರೆಸಿಸ್ಟರೊಂದನ್ನು ದಾರಿಯಲ್ಲಿಟ್ಟು, ಅದರ ಮೇಲೆ 1.56 ವೋಲ್ಟು ಬರುವಂತೆ ತಿರುಗಿಸಿ ಎಂದರು. ಈ ವಿಚಿತ್ರ ಅಂಕೆಗೆ ಕಾರಣವುಂಟು: ಹೊಸ ಟಾರ್ಚ್ ಸೆಲ್ಲಿನ ವೋಲ್ಟು ಹೆಚ್ಚುಕಡಮೆ ಅಷ್ಟೇ. ಮೀಟರು ಅಗ್ಗದ್ದೋ, ಸುಳ್ಳು ಹೇಳುವುದೋ ಎಂಬ ಅನುಮಾನವಿದ್ದರೆ ಹೊಸ ಸೆಲ್ಲಿಗೆ ಮುಟ್ಟಿಸಿ ಮುಳ್ಳು ಎಲ್ಲಿ ನಿಂತಿತೆಂದು ಗುರುತುಮಾಡಿ, ಆಂಪ್ಲಿಫೈಯರಿನಲ್ಲೂ ಮುಳ್ಳನ್ನು ಅಲ್ಲಿಗೇ ತಂದರಾಯಿತು. ಆದರೆ ಜೋಡಿ ವಾಲ್ವುಗಳನ್ನು ಬೇರೆಬೇರೆಯಾಗಿ ಸಮ ಮಾಡುವ ವಿಲಿಯಮ್‌ಸನ್ನನ ಸೌಕರ್ಯ ಇಲ್ಲಿರಲಿಲ್ಲ. ಸರಿಜೋಡಿಯನ್ನು ಆರಿಸಿ ಕೊಳ್ಳುವ ಹೊಣೆ ಗಿರಾಕಿಯದು.

ನಮ್ಮ ಬೆಂಗಳೂರಿನ ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ರೇಡಿಯೋ ವಾಲ್ವುಗಳನ್ನು ತಯಾರಿಸಲು ಆರಂಭಿಸಿದ್ದು 1961ರಲ್ಲಿ. ಮರುವರ್ಷವೇ, 1962ರಲ್ಲಿ, ಅದೇ ಸಂಸ್ಥೆಯಲ್ಲಿ ಜರ್ಮೇನಿಯಮ್ ಅರೆವಾಹಕಗಳ ತಯಾರಿಕೆಯೂ ಮೊದಲಾಯಿತು. ಅಣ್ಣ ತೊಟ್ಟಿಲಿನಿಂದ ಇಳಿಯುವುದರೊಳಗೆ ತಮ್ಮ ಹುಟ್ಟಿದಂತಾಯಿತು. ಆ ದಶಕ ಮುಗಿಯುವ ಹೊತ್ತಿಗೆ ಲೋಕದ ಬಹುತೇಕ ಮನೆ ಆಂಪ್ಲಿಫೈಯರುಗಳಲ್ಲಿ ತಮ್ಮನದೇ ಕಾರುಬಾರು.

ಅಂಕಿಅಂಶಗಳಲ್ಲಿ ಟ್ರಾನ್ಸಿಸ್ಟರೇ ಗೆದ್ದಿತು. ಆದರೂ ವಾಲ್ವಿನ ನಾದವೇ ಇಂಪೆಂಬ ಮಾತು ಅಡಗಲಿಲ್ಲ. 1973ರಲ್ಲಿ ರಸೆಲ್ ಹ್ಯಾಮ್ ಎಂಬ ಅಮೆರಿಕದ ಇಂಜಿನಿಯರು, ಧ್ವನಿಮುದ್ರಣ ಶಾಲೆಯ ಮೈಕಿನ ಆಂಪ್ಲಿಫೈಯರುಗಳನ್ನು ಅವುಗಳ ಶಕ್ತಿಗೆ ಮೀರಿ ದುಡಿಸಿ ಪರೀಕ್ಷಿಸಿದನು. ತ್ರಾಣ ಮೀರಿದಾಗ ಟ್ರಯೋಡ್ ವಾಲ್ವಿನಲ್ಲಿ ಎದ್ದು ಕಾಣುವುದು ತಾರ ಷಡ್ಜ; ಟ್ರಾನ್ಸಿಸ್ಟರಿನಲ್ಲಿ ಪಂಚಮ ಮುಂದಾಗುತ್ತದೆಂದು ತೋರಿಸಿದನು. ಅಂದಮೇಲೆ ಇಂಪು ಎಂದವರು ಬರಿಯ ಭ್ರಮೆಗೆ ಬಿದ್ದವರಲ್ಲ. ಅವರು ಕೇಳಿದ್ದು ನೂಲೆಳೆಯ ಝೇಂಕಾರದಂಥದೊಂದನ್ನು. ಅದು ಗಾಯಕನದೋ ಯಂತ್ರದ್ದೋ ಎಂದು ಕೇಳಿದರೆ ಯಂತ್ರದ್ದೇ ಎನ್ನಬೇಕು. ನಾನಂತೂ ವಿಲಿಯಮ್‌ಸನ್ನನ ಕಡೆಯವನು: ಝೇಂಕಾರ ಬೇಕಾದರೆ ತಂಬೂರಿಯಿಂದಲೇ ಬರಲಿ.

ಈಗಲೂ ರಷ್ಯ, ಚೀನ, ಸ್ಲೊವಾಕಿಯಗಳಲ್ಲಿ ಇಎಲ್34 ತಯಾರಾಗುತ್ತಿದೆ; ಅಳೆದು ಜೋಡಿಮಾಡಿದವುಗಳನ್ನೇ ಮಾರುವವರಿದ್ದಾರೆ. ಅಂಕೆಯಲ್ಲೇ ತೋರಿಸುವ ಮೀಟರು ಬಂದಿರುವುದರಿಂದ ಟಾರ್ಚಿನ ಸೆಲ್ಲಿಗೆ ಕೆಲಸವಿಲ್ಲ. ಹಳೆಯ ಆಂಪ್ಲಿಫೈಯರನ್ನು ಅಟ್ಟದಿಂದ ಇಳಿಸಿ ತಾವೇ ಕೂಡಿಸಬೇಕೆನ್ನುವವರು ಒಂದನ್ನು ನೆನಪಿಟ್ಟಿರಬೇಕು: ಒಳಗೆ 400 ವೋಲ್ಟಿಗೂ ಮೇಲ್ಪಟ್ಟ ವಿದ್ಯುತ್ತಿರುತ್ತದೆ, ಪ್ಲಗ್ಗನ್ನು ಕಿತ್ತ ಮೇಲೂ ಕಂಡೆನ್ಸರುಗಳಲ್ಲಿ ಅದು ಬಹಳ ಹೊತ್ತು ಉಳಿದಿರಬಹುದು.